ನೀರು ಕಳೆದು ಉಳಿದ ಸದ್ದು

ಹುಬ್ಬಳ್ಳಿಯ ನೆಲದಡಿ ನೀರು ಎಲ್ಲಿ ಸೋರುತ್ತಿದೆ ಎಂಬುದನ್ನು ಇಪ್ಪತ್ತೇಳು ವರ್ಷ ಬರೀ ಕಿವಿಯಿಂದ ಪತ್ತೆ ಹಚ್ಚಿದವಳು ದ್ರಾಕ್ಷಾಯಣಿ ಅಣ್ಣಿಗೇರಿ. ನಾಲ್ಕಡಿ ಉದ್ದದ ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಅವಳು ಕಣ್ಣು ಮುಚ್ಚಿದಳೆಂದರೆ, ರಿಕ್ಷಾದವರೂ ದನಗಳೂ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಅವಳು ‘ಇಲ್ಲೆ ಅಗೀರಿ’ ಎಂದಲ್ಲಿ ಅಗೆದರೆ ಒಡೆದ ಕೊಳವೆ ಸಿಕ್ಕೇ ಸಿಗುತ್ತಿತ್ತು.

ಆಮೇಲೆ ಯಂತ್ರ ಬಂತು. ಊರಿನ ಕೊಳವೆಗಳ ಪಕ್ಕದಲ್ಲೆಲ್ಲ ಕೂದಲಿಗಿಂತ ಸಣ್ಣದಾದ ಗಾಜಿನ ಎಳೆ ಹೂತರು. ಎಳೆಯ ಒಂದು ತುದಿಯಿಂದ ಬೆಳಕಿನ ಮಿಡಿತಗಳನ್ನು ಬಿಡುವುದು. ನೆಲ ಎಲ್ಲಿ ಕೊಂಚ ನಡುಗಿದರೂ ಅಲ್ಲಿಂದ ಮರಳುವ ಬೆಳಕೂ ನಡುಗುತ್ತದೆ. ಆ ನಡುಕವನ್ನು ಸದ್ದಾಗಿ ತಿರುಗಿಸಿದರೆ, ಎಳೆಯ ಒಂದೊಂದು ಮೀಟರೂ ಒಂದೊಂದು ಕಿವಿ. ಆ ಕಿವಿಗಳಿಗೆಲ್ಲ ನೀರಿನ ದನಿ ಯಾವುದು, ಲಾರಿಯ ದನಿ ಯಾವುದು ಎಂದು ಹೇಳಿಕೊಡಲು ದ್ರಾಕ್ಷಾಯಣಿಯನ್ನು ಎರಡು ವರ್ಷ ಕೂರಿಸಿದರು. ನಲವತ್ತು ಸಾವಿರ ಸದ್ದುಗಳನ್ನು ಕೇಳಿ ಅವಳು ಒಂದೊಂದಕ್ಕೂ ಹೆಸರಿಟ್ಟಳು. ಸೋರಿಕೆ, ಲಾರಿ, ಮಿಕ್ಸರ್, ರೊಟ್ಟಿ ಬಡಿಯುವುದು, ಪಂಪು, ಮಕ್ಕಳ ಕುಂಟಾಬಿಲ್ಲೆ. ಎಲ್ಲ ಕಲಿತ ಮೇಲೆ ಯಂತ್ರಕ್ಕೆ ಅವಳು ಬೇಕಾಗಲಿಲ್ಲ. ನೀರಿನ ಕಚೇರಿಯ ಹಿಂದಿನ ಎರಡಂತಸ್ತಿನ ಕಟ್ಟಡವನ್ನು ಜನ ‘ಕಿವಿಮನೆ’ ಎಂದು ಕರೆಯತೊಡಗಿದರು. ಅಲ್ಲಿ ಅವಳಿಗೆ ಒಂದು ಮೇಜು, ಒಂದು ಫ್ಯಾನು, ದಿನದ ವರದಿಗೆ ಸಹಿ ಹಾಕುವ ಕೆಲಸ. ನಿವೃತ್ತಿಗೆ ಹತ್ತು ತಿಂಗಳಿತ್ತು. ‘ನನ್ನ ಕಿವಿ ಇಸ್ಕೊಂಡು ನನಗ ಪೆನ್ನು ಕೊಟ್ರು’ ಎಂದು ಗಂಡ ಮಹಾದೇವಪ್ಪನ ಮುಂದೆ ಮಾತ್ರ ಹೇಳಿಕೊಳ್ಳುತ್ತಿದ್ದಳು.

ಅದು ಎರಡು ಸಾವಿರದ ನಲವತ್ತೊಂದರ ಮೇ ತಿಂಗಳು. ಮಂಗಳವಾರ ಬೆಳಗ್ಗೆ ನೇಪಾಳದ ಉತ್ತರದಲ್ಲಿ ಹಿಮನದಿಯ ಕೆರೆಯೊಂದು ಕಟ್ಟೆ ಒಡೆದುಕೊಂಡು ಕಣಿವೆಗೆ ಇಳಿಯಿತು. ನೀರಿನ ಜೊತೆ ಬಂಡೆ, ಕೆಸರು, ಅರ್ಧ ಗುಡ್ಡ. ಸುನಾಖರ್ಕ ಎಂಬ ಊರು ಉಪಗ್ರಹದ ಚಿತ್ರದಲ್ಲಿ ಬೂದುಬಣ್ಣದ ಬಯಲಾಗಿ ಕಂಡಿತು. ಹುಬ್ಬಳ್ಳಿಯಲ್ಲಿ ನಾನೂರು ನೇಪಾಳಿ ಮನೆಗಳಿದ್ದವು. ಅವುಗಳಲ್ಲಿ ತೊಂಬತ್ತು ಮನೆಗಳ ಬೇರು ಆ ಊರಿನಲ್ಲೇ. ಬೇಸಿಗೆಯಲ್ಲಿ ಅಂಗಡಿ ಕಾಯಲು ಬಂದ ಅಜ್ಜ, ಅವನ ಹಿಂದೆ ಅಳಿಯ, ಅಳಿಯನ ತಮ್ಮ ಹೀಗೆ ಮೂರು ತಲೆಮಾರು ಬಂದು ನೆಲೆಸಿದ್ದರು.

ಕಿವಿಮನೆಯ ಕಾವಲುಗಾರ ಕರ್ಣಬಹಾದೂರ ಘಲೆ ಅವರಲ್ಲೊಬ್ಬ. ಹುಬ್ಬಳ್ಳಿಗೆ ಬಂದು ಮೂವತ್ತು ವರ್ಷವಾಗಿತ್ತು. ನೇಪಾಳಿ ಸಮಾಜದ ಅಧ್ಯಕ್ಷ. ಬುಧವಾರ ಮಧ್ಯಾಹ್ನ ಅವನು ಟೋಪಿ ಕೈಯಲ್ಲಿ ಹಿಡಿದು ದ್ರಾಕ್ಷಾಯಣಿಯ ಮೇಜಿನೆದುರು ಬಂದು ನಿಂತ. ಕಿಟಕಿಯಾಚೆ ಅಂಗಳದ ತುಂಬ ಅವನ ಜನ ಸದ್ದಿಲ್ಲದೆ ನಿಂತಿದ್ದರು.

“ಅಕ್ಕಾರ, ಒಂದ್ ಮಾತು ಕೇಳ್ಲೇನ್ರಿ? ಹುಚ್ಚು ಮಾತು ಅನಸಿದ್ರ ಬೈರಿ.”

“ಕೇಳ್ರಿ ಕರ್ಣಣ್ಣ.”

“ಈ ನಮ್ಮ ಮಷಿನ್ನು ನೀರಿನ ಸದ್ದು ಹುಡುಕತೈತಿ. ನೀರಿನ ಸದ್ದು ಒಂದು ಬಿಟ್ಟು ಉಳಿದದ್ದು ಕೇಳಸು ಅಂದ್ರ ಕೇಳಸ್ತೈತೇನ್ರಿ?”

ದ್ರಾಕ್ಷಾಯಣಿ ಪೆನ್ನು ಕೆಳಗಿಟ್ಟಳು.

ಅವನು ವಿವರಿಸಿದ. ಸುನಾಖರ್ಕದ ಮೇಲ್ಗಡೆ ಒಂದು ಸಣ್ಣ ವಿದ್ಯುತ್ ಕೇಂದ್ರವಿತ್ತು. ಅಲ್ಲಿಂದ ಊರಿನ ನಡುವೆ ಹಾದು ಹೊಳೆಯತನಕ ಏಳು ಕಿಲೋಮೀಟರು ಗಾಜಿನ ಎಳೆ ಹೂತಿದ್ದರು. ಹೊಳೆಯ ಕಡೆಯ ತುದಿ ಕಿತ್ತುಹೋಗಿದೆ, ಗುಡ್ಡದ ಮೇಲಿನ ತುದಿ ಇನ್ನೂ ಜೀವಂತ. ಕಾಠ್ಮಂಡುವಿನ ತುರ್ತು ಕಚೇರಿಯವರು ಆ ಎಳೆಯಿಂದ ಬರುವುದನ್ನೆಲ್ಲ ಜಗತ್ತಿಗೇ ತೆರೆದಿಟ್ಟಿದ್ದಾರೆ. ಆದರೆ ಕೇಳಿದರೆ ಹೊಳೆಯ ಮೊರೆತವೊಂದೇ. ಮಣ್ಣಿನಡಿ ಯಾರಾದರೂ ಬದುಕಿದ್ದರೂ ಅವರ ಸದ್ದು ಆ ಮೊರೆತದೊಳಗೆ ಮುಳುಗಿಹೋಗಿದೆ.

ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಇಲಿಯಾಸ್ ಮುಳಗುಂದ ಪಕ್ಕದ ಕೋಣೆಯಿಂದ ಎದ್ದು ಬಂದ. ತೆಳ್ಳಗೆ ಉದ್ದಕ್ಕಿದ್ದ ಮೂವತ್ತರ ಹುಡುಗ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

“ಆಗ್ತೈತ್ರಿ. ಲೆಕ್ಕ ಉಲ್ಟಾ ಮಾಡೂದು, ಅಷ್ಟ. ನೀರನ್ನ ಗುರ್ತ ಹಿಡಿ, ಹಿಡಿದು ತಗದು ಒಗಿ. ನೀರಿನ ಬಗ್ಗೆ ಇಷ್ಟು ಗೊತ್ತಿರೋ ಮಷಿನ್ ಬ್ಯಾರೆ ಎಲ್ಲೂ ಇಲ್ಲ, ಯಾಕಂದ್ರ ಅದಕ್ಕ ಕಲಿಸಿದಾಕಿ ನಮ್ಮ ಅಕ್ಕ.” ಆಮೇಲೆ ದನಿ ತಗ್ಗಿಸಿದ. “ಆದ್ರ ಹೊಳೀಗೆ ಸಾವಿರ ಬಾಯಿ. ಇಡೀ ಮಷಿನ್ ಬೇಕು, ಮೂರು ದಿನ. ಅಲ್ಲೀತನಕ ಹುಬ್ಬಳ್ಳಿಗೆ ಕಿವಿ ಇರೂದಿಲ್ಲ.”

ಮೇ ತಿಂಗಳಲ್ಲಿ ಮೂರು ದಿನ ಊರಿಗೆ ಕಿವಿಯಿಲ್ಲದಿರುವುದು ಸಣ್ಣ ಮಾತಲ್ಲ. ಮಲಪ್ರಭೆಯಿಂದ ಬರುವ ದೊಡ್ಡ ಕೊಳವೆ ಹಳೆಯದು. ಎಲ್ಲಿಯಾದರೂ ಬಿರಿದು ಯಾರಿಗೂ ಗೊತ್ತಾಗದಿದ್ದರೆ ಅರ್ಧ ಊರು ವಾರಗಟ್ಟಲೆ ಬಿಂದಿಗೆ ಹಿಡಿದು ಓಡಾಡಬೇಕು.

ನಗರದ ಆಯುಕ್ತೆ ಸುನೇತ್ರಾ ತೊರಗಲ್ ಸುದ್ದಿ ಮುಟ್ಟಿದ ಹತ್ತೇ ನಿಮಿಷದಲ್ಲಿ ಬಂದಳು. ಮಾತು ಕಡಿಮೆ, ಪ್ರಶ್ನೆ ಹೆಚ್ಚು. ಎಲ್ಲ ಕೇಳಿಯಾದ ಮೇಲೆ ಕರ್ಣಬಹಾದೂರನತ್ತ ತಿರುಗಿದಳು.

“ಘಲೆಯವರ, ನಿಮ್ಮ ಊರು ಕೇಳಾಕ ಹೋಗಿ ನಮ್ಮ ಊರಿನ ಕೊಳವಿ ಒಡದ್ರ ನಾ ಮಂದಿಗೆ ಏನ್ ಹೇಳ್ಲಿ?”

ಅವನು ಟೋಪಿಯನ್ನು ತಲೆಗಿಟ್ಟುಕೊಂಡ.

“ಅದಕ್ಕ ಮುನ್ನೂರು ಮಂದಿ ಕರ್ಕೊಂಡು ಬಂದೀನ್ರಿ. ಈ ಊರಿನ ಓಣಿ ಓಣಿ ನಮ್ಮ ಕಾಲಿಗೆ ಗೊತ್ತೈತಿ. ಮೂವತ್ತು ವರ್ಷ ಅದರಾಗ ಅಡ್ಡಾಡೀವಿ. ನಮಗ ಸರಳು ಕೊಡ್ರಿ, ಅಕ್ಕಾರು ಕೇಳೂದು ಹೆಂಗ ಅಂತ ಕಲಸ್ಲಿ. ಮಷಿನ್ನು ನಮ್ಮ ಊರು ಕೇಳ್ಲಿ, ನಾವು ನಿಮ್ಮ ಊರು ಕೇಳ್ತೀವಿ.”

ಆಯುಕ್ತೆಯ ಪಕ್ಕದಲ್ಲಿದ್ದ ಅವಳ ಆಪ್ತ ಸಹಾಯಕ ಮೆಲ್ಲಗೆ, “ಮೇಡಂ, ಹೊರದೇಶದ ವಿಷಯ. ದಿಲ್ಲಿಯ ಒಪ್ಪಿಗೆ ಬೇಕಾಗ್ತದ” ಎಂದ.

“ಪತ್ರ ಈಗ ಬರೀರಿ, ಈಗ ಕಳಸ್ರಿ” ಎಂದಳು ಸುನೇತ್ರಾ. “ಉತ್ತರ ಬರೂತನಕ ನೀರಿನ ಕಚೇರಿ ನೀರಿನ ಸದ್ದು ಕೇಳ್ತಿರತೈತಿ. ಅದಕ್ಕ ಯಾರ ಒಪ್ಪಿಗಿ ಬೇಕು?” ಎಂದು ಕಾಠ್ಮಂಡುವಿಗೆ ಫೋನು ಹಚ್ಚಲು ಹೇಳಿದಳು.

ಗೋದಾಮಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸರಳುಗಳು ಅರವತ್ತು. ಉಳಿದವನ್ನು ಕೈಗಾರಿಕಾ ವಸಾಹತಿನ ವೆಲ್ಡಿಂಗ್ ಅಂಗಡಿಯವರು ಸಂಜೆಯೊಳಗೆ ಕತ್ತರಿಸಿ ಕೊಟ್ಟರು. ಗುರುವಾರ ಬೆಳಗ್ಗೆ ಕಿವಿಮನೆಯ ಅಂಗಳದಲ್ಲಿ ದ್ರಾಕ್ಷಾಯಣಿ ಪಾಠಕ್ಕೆ ನಿಂತಳು. ಎದುರಿಗೆ ಅಪಾರ್ಟ್‌ಮೆಂಟಿನ ಕಾವಲುಗಾರರು, ನೂಡಲ್ಸ್ ಗಾಡಿಯವರು, ಹೋಟೆಲಿನ ಅಡುಗೆಯವರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು.

“ಕಿವ್ಯಾಗ ತುರುಕಬ್ಯಾಡ್ರೋ ಯಪ್ಪಾ, ಕಿವಿ ಹಿಂದ! ಎಲುಬಿಗೆ ಒತ್ತು. ಈಗ ಕೇಳು. ಸುಂಯ್ ಅಂತೈತಿ? ಅದು ನೀರು ಸುಮ್ನ ಹೋಗೂದು. ಸರ್‌ರ್ ಅಂತ ಸಿಟ್ಟಿಗೇಳತೈತಿ? ಅದು ಸೋರೂದು.”

ಅವರು ಕಲಿತರು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಪ್ರತಿ ತಿರುವಿನಲ್ಲೂ ಒಬ್ಬ ನೇಪಾಳಿ ಸರಳಿಗೆ ತಲೆ ಕೊಟ್ಟು ಧ್ಯಾನದಲ್ಲಿ ನಿಂತಿದ್ದ. ಕೇಶ್ವಾಪುರದ ಹೆಂಗಸರು ಮಜ್ಜಿಗೆ ತಂದುಕೊಟ್ಟರು. ದುರ್ಗದಬೈಲಿನ ವ್ಯಾಪಾರಿಗಳು ಗಿರಾಕಿಗಳಿಗೆ ‘ಸ್ವಲ್ಪ ಮೆತ್ತಗ ಮಾತಾಡ್ರಿ’ ಎನ್ನತೊಡಗಿದರು. ಆ ಮಾರುಕಟ್ಟೆಯ ಇತಿಹಾಸದಲ್ಲೇ ಅಂಥ ಮಾತು ಯಾರೂ ಕೇಳಿರಲಿಲ್ಲ. ಮೊದಲ ದಿನ ಮೂವತ್ತೊಂದು ಸೋರಿಕೆಗಳ ವರದಿ ಬಂತು. ಅದರಲ್ಲಿ ಹತ್ತೊಂಬತ್ತು ಹಿಟ್ಟಿನ ಗಿರಣಿ, ಏಳು ಇಡ್ಲಿಯ ಗ್ರೈಂಡರು, ಒಂದು ಗೊರಕೆ. ನಾಲ್ಕು ನಿಜವಾದ ಸೋರಿಕೆ.

ಕಿವಿಮನೆಯ ಮೇಲಂತಸ್ತಿನಲ್ಲಿ ಯಂತ್ರ ಸುನಾಖರ್ಕದ ಹೊಳೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಿತ್ತು. ಗೋಡೆಯ ಪರದೆಯ ಮೇಲೆ ಏಳು ಕಿಲೋಮೀಟರಿನ ಗೆರೆ. ನೀರಿನ ಪದರ ಕಳಚಿದಂತೆ ಅದರ ಮೇಲೆ ಚುಕ್ಕಿಗಳು ಮೂಡುತ್ತಿದ್ದವು. ಒಂದೊಂದು ಚುಕ್ಕಿಯೂ ಒಂದೊಂದು ಉಳಿದ ಸದ್ದು. ಅದೇನೆಂದು ಹೇಳಲು ಯಂತ್ರಕ್ಕೆ ಬರುವುದಿಲ್ಲ. ಅದು ಹುಬ್ಬಳ್ಳಿಯ ಯಂತ್ರ. ಅದಕ್ಕೇ ಸುನಾಖರ್ಕದವರು ಆರಾರು ಮಂದಿ ಸರದಿಯಲ್ಲಿ ಹೆಡ್‌ಫೋನು ಹಾಕಿ ಕೂತರು. ‘ಇದು ಕಲ್ಲು ಉರುಳುವುದು.’ ‘ಇದು ಸೈನಿಕರ ಬೂಟು.’ ‘ಇದು, ತಡಿ ತಡಿ, ಇದು ಆಡಿನ ಗಂಟೆ!’ ಆರುನೂರನೇ ಮೀಟರಿನಲ್ಲಿ ಆಡಿನ ಗಂಟೆ. ಕಾಠ್ಮಂಡುವಿಗೆ ಹೇಳಿದರು, ಅಲ್ಲಿಂದ ಕಣಿವೆಯ ಸೈನಿಕರಿಗೆ ಸುದ್ದಿ ಹೋಯಿತು. ಎರಡು ಗಂಟೆ ಅಗೆದ ಮೇಲೆ ಹದಿನಾಲ್ಕು ಆಡುಗಳೂ ಅವುಗಳ ಜೊತೆ ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದಿದ್ದ ಮುದುಕನೂ ಹೊರಬಂದರು. ಕಿವಿಮನೆಯ ಮೆಟ್ಟಿಲ ಮೇಲೆ ಜನ ಕುಣಿದರು. ಇಲಿಯಾಸ್ ಪೇಢೆ ತರಿಸಿದ.

ಕುಣಿಯದೆ ಉಳಿದವಳು ಫೂಲಮಾಯಾ ಗುರುಂಗ್. ದ್ರಾಕ್ಷಾಯಣಿಯ ಓಣಿಯಲ್ಲೇ ಅವಳ ಮೊಮೊ ಅಂಗಡಿ, ಹಿತ್ತಲಿನ ಗೋಡೆಯಾಚೆಯೇ ಮನೆ. ಅವಳ ತಾಯಿಯೂ ಒಂಬತ್ತು ವರ್ಷದ ಮಗಳು ರೋಜಿನಾಳೂ ಸುನಾಖರ್ಕದಲ್ಲಿದ್ದರು. ಶಾಲೆಯ ರಜೆಗೆಂದು ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು ಮೂರು ವಾರವಾಗಿತ್ತು. ಊರಿನ ನಡುಭಾಗ, ಎರಡು ಸಾವಿರದಿಂದ ಮೂರು ಸಾವಿರ ಮೀಟರಿನವರೆಗೆ, ಪರದೆಯ ಮೇಲೆ ಖಾಲಿ ಗೆರೆ. ಅವಳು ಅದನ್ನೇ ನೋಡುತ್ತ ಕೂತಿದ್ದಳು.

ಸಂಜೆ ದ್ರಾಕ್ಷಾಯಣಿ ಅವಳ ಕೈ ಹಿಡಿದು ಎಬ್ಬಿಸಿದಳು. “ಮನೀಗೆ ಬಾ. ನಮ್ಮ ಮನ್ಯಾಗ ಮಲ್ಕೋ.”

ಶುಕ್ರವಾರ ಬೆಳಗ್ಗೆ ದ್ರಾಕ್ಷಾಯಣಿ ಎದ್ದಾಗ ಅಡುಗೆಮನೆಯಲ್ಲಿ ಫೂಲಮಾಯಾ ಹಿಟ್ಟು ನಾದುತ್ತಿದ್ದಳು. ಸರಳು ಹಿಡಿದವರಿಗೆಲ್ಲ ಮೊಮೊ ಮಾಡಿ ಕಳಿಸುತ್ತೇನೆಂದು ಹಟ. ಮಹಾದೇವಪ್ಪ ಕೋಸು ಹೆಚ್ಚುತ್ತಿದ್ದ. ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿ ನಿವೃತ್ತನಾದವನು. ಕೋಸನ್ನೂ ಸ್ಟೇರಿಂಗು ತಿರುಗಿಸಿದಂತೆ ತಿರುಗಿಸುತ್ತಿದ್ದ.

“ಆಕೀಗೆ ಸುಮ್ನ ಕೂಡು ಅಂದ್ರ ಕೂಡವಲ್ಲಳು” ಎಂದ ಹೆಂಡತಿಗೆ.

“ಕೂತ್ರ ತಲಿ ಓಡತೈತಿ ಅಣ್ಣಾ” ಎಂದಳು ಫೂಲಮಾಯಾ. ಹಿಟ್ಟಿನ ಮುದ್ದೆಯನ್ನು ಎತ್ತಿ ಕಟ್ಟೆಗೆ ಬಡಿದಳು. ಧಪ್. ಮತ್ತೆ ಎತ್ತಿ ಬಡಿದಳು. ಧಪ್. ಧಪ್.

ದ್ರಾಕ್ಷಾಯಣಿ ಚಹಾದ ಲೋಟ ಹಿಡಿದು ನಿಂತಿದ್ದಳು. ಕೇಳಬೇಕೆಂದು ಕೇಳುತ್ತಿರಲಿಲ್ಲ, ಅವಳ ಕಿವಿಗೆ ಬಾಗಿಲಿರಲಿಲ್ಲ, ಅಷ್ಟೇ. ಬಡಿತ ಮೊದಲು ಸಮನಾಗಿತ್ತು. ಇಪ್ಪತ್ತು ಬಡಿತದ ಮೇಲೆ ಕೊಂಚ ಕೊಂಚವೇ ನಿಧಾನವಾಯಿತು. ಫೂಲಮಾಯಾ ಕೈ ಬದಲಿಸಿದಳು. ಬಡಿತ ಮತ್ತೆ ಚುರುಕಾಯಿತು.

ಲೋಟ ಅರ್ಧಕ್ಕೇ ಕೆಳಗಿಳಿಯಿತು.

“ಅವ್ವಾ ಶಿವನೇ” ಎಂದಳು. “ನಾನ ಕಲಿಸೇನಿ ಅದಕ್ಕ!”

“ಯಾರಿಗೆ? ಏನು?” ಎಂದ ಮಹಾದೇವಪ್ಪ.

ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಸಮನಾಗಿ ಬಡಿಯುವ ಸದ್ದು ಬಂದರೆ ಅದು ಪಂಪು, ಅದನ್ನು ಕಡೆಗಣಿಸು ಎಂದು ಯಂತ್ರಕ್ಕೆ ಹೇಳಿಕೊಟ್ಟವಳು ಅವಳೇ. ಹುಬ್ಬಳ್ಳಿಯಲ್ಲಿ ಮನೆಗೊಂದು ಪಂಪು. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಸೋರಿಕೆ ಸಿಗುತ್ತಿರಲಿಲ್ಲ. ಯಂತ್ರ ಸುನಾಖರ್ಕದಲ್ಲೂ ಹೇಳಿಕೊಟ್ಟಂತೆಯೇ ಮಾಡಿರಬೇಕು. ನೀರಿನ ಜೊತೆ ಪಂಪುಗಳನ್ನೂ ತೆಗೆದು ಎಸೆದಿರಬೇಕು. ಆದರೆ ಆ ಕಣಿವೆಯಲ್ಲಿ ಮೂರು ದಿನದಿಂದ ವಿದ್ಯುತ್ತೇ ಇಲ್ಲ. ಯಾವ ಪಂಪು ಓಡುತ್ತದೆ?

ಮಹಾದೇವಪ್ಪ ಇಬ್ಬರನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್ಸಿನ ಹಾರ್ನು ಬಾಯಲ್ಲೇ ಊದುತ್ತ ಕಿವಿಮನೆಗೆ ಬಿಟ್ಟ. ಫೂಲಮಾಯಾಳ ಮೊಣಕೈವರೆಗೆ ಹಿಟ್ಟು ಹಾಗೇ ಇತ್ತು.

“ಇಲಿಯಾಸ್, ಪಂಪು ಅಂತ ತಗದು ಒಗದದ್ದು ಎಲ್ಲಿ ಐತಿ?”

“ಕಸದ ಕಡತದಾಗ್ರಿ ಅಕ್ಕಾ. ಯಾಕ್ರಿ?”

“ತಗಿ ಹೊರಗ.”

ಇಲಿಯಾಸ್ ತೆಗೆದ. ಇಡೀ ಏಳು ಕಿಲೋಮೀಟರಿನಲ್ಲಿ ಪಂಪು ಎಂದು ಯಂತ್ರ ಗುರುತಿಸಿದ್ದು ಒಂದೇ ಕಡೆ, ಎರಡು ಸಾವಿರದ ಮುನ್ನೂರ ಹದಿನೆಂಟನೇ ಮೀಟರಿನಲ್ಲಿ. ಮಂಗಳವಾರದಿಂದ ಇವತ್ತಿನ ತನಕ, ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಬಂದಿತ್ತು. ಅವನು ಸದ್ದನ್ನು ಕೋಣೆಯ ಸ್ಪೀಕರಿಗೆ ಹಾಕಿದ.

ಧುಪ್... ಧುಪ್... ಧುಪ್...

ಎಲ್ಲರಿಗೂ ಅದು ಪಂಪೇ ಎನಿಸಿತು. ದ್ರಾಕ್ಷಾಯಣಿ ಕಣ್ಣು ಮುಚ್ಚಿ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ನಿಂತಳು. ಒಂದು ನಿಮಿಷ, ಎರಡು ನಿಮಿಷ. ಬೆರಳು ಮುಂದೆ ಹೋಯಿತು, ಸದ್ದು ಹಿಂದೆ ಬಿತ್ತು.

“ದಣೀತು” ಎಂದಳು. “ಕೇಳ್ರಿ, ದಣಿಯಾಕತ್ತೈತಿ. ಪಂಪು ಕೆಡತೈತಿ, ಸುಡತೈತಿ, ದಣಿಯೂದಿಲ್ಲ. ಇದು ಮನಷಾರು.”

ಸದ್ದು ನಿಂತಿತು. ನಾಲ್ಕೈದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಶುರುವಾದಾಗ ಬೇರೆಯೇ ನಡೆ. ಒಂದು ಉದ್ದ, ಒಂದು ಗಿಡ್ಡ. ಧೂಪ್-ಧುಪ್. ಧೂಪ್-ಧುಪ್.

ಫೂಲಮಾಯಾ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. “ಢಿಕೀ! ಢಿಕೀ!” ಎಂದು ಕೂಗಿ ನೇಪಾಳಿಯಲ್ಲಿ ಏನೇನೋ ಹೇಳತೊಡಗಿದಳು. ಕರ್ಣಬಹಾದೂರ ಅವಳಷ್ಟೇ ವೇಗವಾಗಿ ಕನ್ನಡಕ್ಕೆ ತಂದ.

“ಢಿಕಿ ಅಂದ್ರ ಕಾಲಿಂದ ತುಳದು ಭತ್ತ ಕುಟ್ಟೂ ದೊಡ್ಡ ಕಟಗೀರಿ. ಊರಿಗೆಲ್ಲ ಒಂದು ಐತಿ, ಗುಡ್ಡಕ್ಕ ಹೊಂದಿಸಿ ಕಟ್ಟಿದ ಕಲ್ಲಿನ ಉಗ್ರಾಣದಾಗ. ಕಾಳು ಇಡೂ ಉಗ್ರಾಣರಿ, ಗೋಡಿ ಎರಡು ಮೊಳ ದಪ್ಪ. ಈಗ ತುಳಿಯಾಕತ್ತಾಕಿ ಇಕಿ ತಾಯಿ ಅಂತ. ಮುದುಕೀಗೆ ಎಡಗಾಲು ಕುಂಟು. ಅದಕ್ಕ ಒಂದು ಉದ್ದ, ಒಂದು ಗಿಡ್ಡ!”

ಇಲಿಯಾಸ್ ಆಗಲೇ ಕಾಠ್ಮಂಡುವಿನ ಸಾಲಿಗೆ ಕೂಗುತ್ತಿದ್ದ. ಅಲ್ಲಿನ ಅಧಿಕಾರಿ ಮೊದಲು ನಂಬಲಿಲ್ಲ. ಆ ಜಾಗದ ಮೇಲೆ ಒಂಬತ್ತು ಮೀಟರು ಮಣ್ಣು ಬಿದ್ದಿದೆ, ಸೈನಿಕರನ್ನು ಬೇರೆ ಕಡೆಯಿಂದ ಎಬ್ಬಿಸಿ ತರಬೇಕು, ಪಂಪಿನ ಸದ್ದಲ್ಲ ಎಂದು ಹೇಳುತ್ತಿರುವವರು ಯಾರು ಎಂದು ಕೇಳಿದ. ಸುನೇತ್ರಾ ತೊರಗಲ್ ಮುಂದೆ ಬಾಗಿ ಹಿಂದಿಯಲ್ಲಿ ಹೇಳಿದಳು: ನಮ್ಮ ಯಂತ್ರಕ್ಕೆ ಕೇಳುವುದನ್ನು ಕಲಿಸಿದವರು ಹೇಳುತ್ತಿದ್ದಾರೆ. ಯಂತ್ರ ಹೇಳಿದ್ದನ್ನು ನೀವು ನಿನ್ನೆ ನಂಬಿ ಒಂದು ಜೀವ ಉಳಿಸಿದಿರಿ. ಇವತ್ತು ಅದರ ಗುರುವನ್ನು ನಂಬಿ.

ದ್ರಾಕ್ಷಾಯಣಿಗೆ ಕಿವಿಯ ತುದಿ ಬಿಸಿಯಾಯಿತು. ಮೇಜಿನ ಮೇಲಿನ ಯಾವುದೋ ಕಾಗದವನ್ನು ಸರಿಪಡಿಸಿದಳು.

ಹನ್ನೊಂದು ಗಂಟೆಗೆ ಅಗೆತ ಶುರುವಾಯಿತು. ಈಗ ಎಲ್ಲ ಸದ್ದೂ ಒಟ್ಟಿಗೆ ಬರುತ್ತಿದ್ದವು. ಮೇಲೆ ಗುದ್ದಲಿ, ಕೆಳಗೆ ಢಿಕಿ. ಗುದ್ದಲಿಯ ದನಿ ಎಡಕ್ಕೆ ಸರಿದರೆ ದ್ರಾಕ್ಷಾಯಣಿ ‘ಬಲಕ್ಕ ಬರ್ರಿ’ ಎನ್ನುವಳು. ಕರ್ಣಬಹಾದೂರ ಅದನ್ನು ನೇಪಾಳಿಗೆ ತಿರುಗಿಸುವನು. ಸಾವಿರದೆಂಟುನೂರು ಕಿಲೋಮೀಟರಿನಾಚೆ ಗುದ್ದಲಿಗಳು ಬಲಕ್ಕೆ ಬರುವವು. ಕೆಳಗೆ ಅಂಗಳ ತುಂಬಿಹೋಯಿತು. ಸರಳು ಹಿಡಿದವರು ಸರದಿಯ ನಡುವೆ ಬಂದು ಸುದ್ದಿ ಕೇಳಿ ಮತ್ತೆ ಓಣಿಗಳಿಗೆ ಓಡುತ್ತಿದ್ದರು. ಅವರಲ್ಲೊಬ್ಬ, ಮದುವೆ ಮನೆಗಳಿಗೆ ಮೊಮೊ ಮಾಡಿಕೊಡುವ ಲೀಲಾಬಹಾದೂರ, ಮಧ್ಯಾಹ್ನ ಎರಡರ ಹೊತ್ತಿಗೆ ಉಣಕಲ್ಲಿನಿಂದ ಏದುಸಿರು ಬಿಡುತ್ತ ಬಂದು, ದೊಡ್ಡ ಕೊಳವೆ ಸಿಟ್ಟಿಗೆದ್ದಿದೆ, ಗಿರಣಿ ಅಲ್ಲ, ನಾನು ಮೂರು ಸಲ ಕೇಳಿದೆ ಎಂದ. ನಿಜವಾಗಿತ್ತು. ಕೊಳವೆಯ ಬೆಸುಗೆ ಬಿಡತೊಡಗಿತ್ತು. ಬಿರಿಯುವ ಮೊದಲೇ ನೀರಿನ ಕಚೇರಿಯವರು ಹೋಗಿ ಪಟ್ಟಿ ಹಾಕಿದರು. ಸುನೇತ್ರಾ ಅವನ ಕೈ ಕುಲುಕಿದಳು. ಅವನು ಆ ಕೈಯನ್ನು ಸಂಜೆತನಕ ಜೇಬಿನಿಂದ ಹೊರತೆಗೆಯಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಢಿಕಿ ನಿಂತಿತು.

ಮೊದಲಿನಂತೆ ಕಾಲು ಬದಲಿಸಲು ನಿಂತಿರಬೇಕೆಂದು ಎಲ್ಲರೂ ಕಾದರು. ಒಂದು ನಿಮಿಷವಾಯಿತು. ಐದಾಯಿತು. ಫೂಲಮಾಯಾ ದ್ರಾಕ್ಷಾಯಣಿಯ ಮುಖವನ್ನೇ ನೋಡುತ್ತಿದ್ದಳು. ದ್ರಾಕ್ಷಾಯಣಿ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡು ತಲೆ ತಗ್ಗಿಸಿದಳು. ಏನೂ ಇಲ್ಲ. ಗುದ್ದಲಿ, ಕಲ್ಲು, ಗುದ್ದಲಿ. ಒಂಬತ್ತು ನಿಮಿಷ. ಅಷ್ಟು ವರ್ಷ ನೆಲಕ್ಕೆ ಕಿವಿಗೊಟ್ಟವಳು ಅವತ್ತಿನಷ್ಟು ಬೇಡಿಕೊಂಡು ಎಂದೂ ಕೇಳಿರಲಿಲ್ಲ.

“ಗುದ್ದಲಿ ನಿಲ್ಲಸಾಕ ಹೇಳ್ರಿ” ಎಂದಳು.

ಗುದ್ದಲಿಗಳು ನಿಂತವು. ಅಂಗಳದಲ್ಲಿದ್ದವರಿಗೂ ಯಾರೋ ಸನ್ನೆ ಮಾಡಿದರು. ಹುಬ್ಬಳ್ಳಿಯ ಆ ಮೂಲೆಯಲ್ಲಿ ಒಂದು ಸೈಕಲ್ಲಿನ ಬೆಲ್ಲೂ ಕೇಳಲಿಲ್ಲ.

ಆಗ ಅವಳಿಗೆ ಕೇಳಿಸಿತು. ಬಡಿತವಲ್ಲ, ಬಹಳ ಸಣ್ಣ ಪಟಪಟ ಸದ್ದು, ಅಲ್ಲೊಂದು ಇಲ್ಲೊಂದು, ಸಾಲಾಗಿ ಅಲ್ಲ. ಅವಳ ಮುಖ ಅರಳಿತು.

“ಅಡ್ಡಾಡಾಕತ್ತಾರ! ಇವರ ಗುದ್ದಲಿ ಸಪ್ಪಳ ಅವರಿಗೆ ಕೇಳೇತಿ. ಅದಕ್ಕ ತುಳಿಯೂದು ಬಿಟ್ಟು ಎಲ್ಲಾರೂ ಗೋಡೀ ಕಡೆ ಓಡ್ಯಾರ. ಅಗೀರಿ ಅನ್ರಿ ಕರ್ಣಣ್ಣ, ಅಗೀರಿ!”

ಕರ್ಣಬಹಾದೂರ ಕೂಗಿದ ಕೂಗಿಗೆ ಫೋನೇ ಬೇಕಿರಲಿಲ್ಲ. ಮುಂದಿನ ಗಳಿಗೆ ಸ್ಪೀಕರಿನಲ್ಲಿ ಕೊಡ, ತಪ್ಪಲೆ, ಕಲ್ಲು, ಅಂಗೈ, ಏನೇನು ಸಿಗುತ್ತದೋ ಅದನ್ನೆಲ್ಲ ಒಳಗಿನವರು ಗೋಡೆಗೆ ಬಡಿಯತೊಡಗಿದ ಸದ್ದು ಧೋ ಎಂದು ತುಂಬಿತು. ಇಲಿಯಾಸ್ ದನಿಯನ್ನು ತಗ್ಗಿಸಲು ಹೋದರೆ ಸುನೇತ್ರಾ ಅವನ ಕೈ ತಡೆದಳು.

ಸಂಜೆ ಐದೂವರೆಗೆ ಮೊದಲನೆಯವಳು ಹೊರಬಂದಳು, ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡ ಬಾಣಂತಿ. ಅವಳ ಹಿಂದೆ ಒಬ್ಬೊಬ್ಬರಾಗಿ ನಲವತ್ತೆರಡು ಮಂದಿ. ಸೈನಿಕನೊಬ್ಬ ಒಬ್ಬೊಬ್ಬರ ಹೆಸರನ್ನೂ ಕೂಗಿ ಹೇಳುತ್ತಿದ್ದ. ಹೆಸರು ಬಂದಾಗಲೆಲ್ಲ ಕಿವಿಮನೆಯ ಯಾವುದೋ ಮೂಲೆಯಲ್ಲಿ ಒಬ್ಬರು ಅಳುತ್ತ ನಗುತ್ತಿದ್ದರು. ಇಪ್ಪತ್ತಾರನೇ ಹೆಸರು ರೋಜಿನಾ ಗುರುಂಗ್. ಫೂಲಮಾಯಾ ಸ್ಪೀಕರಿನತ್ತ ಬಾಗಿ ಮಗಳ ಹೆಸರನ್ನು ತಾನೂ ಎರಡು ಸಲ ಕೂಗಿದಳು. ಕಟ್ಟಕಡೆಗೆ, ಎಲ್ಲರನ್ನೂ ಕಳಿಸಿ ತಾನು ಹಿಂದೆ ಉಳಿದಿದ್ದ ಮುದುಕಿಯನ್ನು ಎತ್ತಿ ತಂದರು.

ಮುದುಕಿಯ ಮಾತು ಆ ಸಂಜೆಯೇ ಫೋನಿನಲ್ಲಿ ಬಂತು. ಮಂಗಳವಾರ ನಸುಕಿನಲ್ಲಿ ಹೊಳೆಯ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತಂತೆ. ಎಪ್ಪತ್ತೆರಡು ವರ್ಷ ಕೇಳಿದ ಹೊಳೆ ಹಾಗೆ ಬಾಯಿ ಕಟ್ಟಿದರೆ ಮೇಲೆ ಎಲ್ಲೋ ನೀರು ನಿಂತಿದೆ ಎಂದು ಅವಳಿಗೆ ಗೊತ್ತಾಯಿತಂತೆ. ಮನೆಮನೆಯ ಬಾಗಿಲು ಬಡಿದು, ಬೈದು, ಎಳೆದು, ಕೈಗೆ ಸಿಕ್ಕವರನ್ನೆಲ್ಲ ಉಗ್ರಾಣಕ್ಕೆ ದಬ್ಬಿದ್ದಳು. ಹೊರಗೆ ಕೇಳಲಿ ಎಂದು ಸರದಿ ಹಾಕಿ ಢಿಕಿ ತುಳಿಸಿದವಳೂ ಅವಳೇ. ‘ನಾಲ್ಕು ದಿನದ ಅಕ್ಕಿಯೂ ಕುಟ್ಟಿದ ಹಾಗಾಯಿತು’ ಎಂದಳಂತೆ.

ಎಲ್ಲರೂ ಬದುಕಲಿಲ್ಲ. ಅವಳ ಮಾತು ಕೇಳದೆ ದನ ಬಿಚ್ಚಲು ಹೋದ ಏಳು ಮಂದಿ ಮರಳಲಿಲ್ಲ. ಅವರಲ್ಲಿ ಕರ್ಣಬಹಾದೂರನ ಅಣ್ಣನೂ ಒಬ್ಬ. ಭಾನುವಾರ ಆ ಸುದ್ದಿ ಬಂದಾಗ ಅವನು ಕಿವಿಮನೆಯ ಮೆಟ್ಟಿಲ ಮೇಲೆ ಕೂತಿದ್ದ. ದ್ರಾಕ್ಷಾಯಣಿ ಪಕ್ಕದಲ್ಲಿ ಹೋಗಿ ಕೂತಳು. “ನಲವತ್ತನಾಲ್ಕು ಮಂದಿ ಅಕ್ಕಾರ” ಎಂದ ಅವನು. “ನಮ್ಮಣ್ಣ ಇದ್ದಿದ್ರ ಮೊದಲ ಅದನ್ನ ಕೇಳ್ತಿದ್ದ, ಎಷ್ಟು ಮಂದಿ ಉಳದ್ರು ಅಂತ.” ಸೋಮವಾರ ಕೆಲಸಕ್ಕೆ ಬಂದ, ಗೇಟು ತೆರೆದ, ಎಂದಿನಂತೆ ಸಲಾಮು ಹೊಡೆದ. ಓಣಿ ಓಣಿಯ ಜನ ಬಂದು ಅವನನ್ನು ಮಾತಾಡಿಸಿ ಹೋದರು.

ದಿಲ್ಲಿಯ ಉತ್ತರ ಒಂಬತ್ತನೆಯ ದಿನ ಬಂತು. ಪ್ರಸ್ತಾವವನ್ನು ತಾತ್ವಿಕವಾಗಿ ಪರಿಶೀಲಿಸಲಾಗುವುದು ಎಂದಿತ್ತು. ಸುನೇತ್ರಾ ಅದನ್ನು ಓದಿ, ನಕ್ಕು, ಕೆಳಗೆ ‘ಕೆಲಸ ಮುಗಿದಿದೆ, ಮುಂದಿನದಕ್ಕೆ ಸಿದ್ಧರಿದ್ದೇವೆ’ ಎಂದು ಬರೆದು ವಾಪಸು ಕಳಿಸಿದಳು. ಮುಂದಿನದಕ್ಕೆ ನಿಜವಾಗಿಯೂ ಸಿದ್ಧತೆ ನಡೆದಿತ್ತು. ಮುಂಡಗೋಡಿನ ಟಿಬೆಟ್ಟಿನವರು, ಧಾರವಾಡದಲ್ಲಿ ಓದುವ ಸುಡಾನಿನ ವಿದ್ಯಾರ್ಥಿಗಳು, ಎಲ್ಲೆಲ್ಲಿಂದಲೋ ಬಂದು ಈ ಸೀಮೆಯಲ್ಲಿ ನೆಲೆನಿಂತವರು ಕಿವಿಮನೆಗೆ ಬಂದು ತಮ್ಮ ಊರಿನ ಸದ್ದುಗಳನ್ನು ಹೇಳಿ ಬರೆಸುತ್ತಿದ್ದರು. ನಮ್ಮಲ್ಲಿ ಹಿಟ್ಟು ಹೀಗೆ ಕುಟ್ಟುತ್ತಾರೆ, ನಮ್ಮ ಬಾವಿಯ ಗಾಲಿ ಹೀಗೆ ಕಿರುಗುಟ್ಟುತ್ತದೆ, ನಮ್ಮ ಮಕ್ಕಳ ಆಟದಲ್ಲಿ ಕಾಲು ಹೀಗೆ ಬೀಳುತ್ತದೆ. ಕೇಳಿ ಹೆಸರಿಡುವ ಮೇಜಿನಲ್ಲಿ ದ್ರಾಕ್ಷಾಯಣಿ ಕೂತಿದ್ದಳು. ನಿವೃತ್ತಿಯ ಮಾತೆತ್ತಿದರೆ ಸಿಡುಕುತ್ತಿದ್ದಳು.

ಜುಲೈ ಮೊದಲ ವಾರ, ಪುಣೆಯ ಕಡೆಯಿಂದ ಬರುವ ರೈಲಿನಲ್ಲಿ ಅಜ್ಜಿ ಮೊಮ್ಮಗಳು ಹುಬ್ಬಳ್ಳಿಗೆ ಬಂದಿಳಿದರು. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೋಜಿನಾ ಅವ್ವನ ಕೊರಳಿಗೆ ಜೋತುಬಿದ್ದವಳು ಹಿಡಿ ಸಡಿಲಿಸಲಿಲ್ಲ. ಮುದುಕಿ ಕೋಲೂರಿಕೊಂಡು, ಎಡಗಾಲು ಎಳೆಯುತ್ತ, ಮಗಳಿಗೆ ಏನೋ ಕೇಳಿದಳು. ಫೂಲಮಾಯಾ ಬೆರಳು ಮಾಡಿ ತೋರಿಸಿದಳು.

ಮುದುಕಿ ನೇರವಾಗಿ ದ್ರಾಕ್ಷಾಯಣಿಯ ಮುಂದೆ ಬಂದು ನಿಂತಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಬಾರದು. ಮುದುಕಿ ಕೋಲನ್ನು ಕಂಕುಳಿಗೆ ಸಿಗಿಸಿ, ಎರಡೂ ಕೈ ಎತ್ತಿ, ದ್ರಾಕ್ಷಾಯಣಿಯ ಎರಡೂ ಕಿವಿಗಳನ್ನು ಹಿಡಿದುಕೊಂಡಳು.

“ಯಪ್ಪಾ, ಏನ್ ತಪ್ಪು ಮಾಡಿದ್ಯೇ, ರೈಲು ಇಳದ ಕೂಡಲೇ ನಿನ್ನ ಕಿವಿ ಹಿಂಡಾಕತ್ತಾಳಲ್ಲ?” ಎಂದ ಮಹಾದೇವಪ್ಪ. ಜನ ಘೊಳ್ಳೆಂದು ನಕ್ಕರು.

ಮುದುಕಿ ಹಿಂಡಲಿಲ್ಲ. ಒರಟು ಅಂಗೈಗಳಲ್ಲಿ ಆ ಕಿವಿಗಳನ್ನು ಮೆಲ್ಲಗೆ ಮುಚ್ಚಿ, ತಲೆಯನ್ನು ತನ್ನತ್ತ ಬಾಗಿಸಿಕೊಂಡು, ಬಲಗಿವಿಗೆ ಒಂದು, ಎಡಗಿವಿಗೆ ಒಂದು ಮುತ್ತಿಟ್ಟಳು. ರೈಲು ಕೂಗಿತು, ಕೂಲಿಗಳು ಕೂಗಿದರು, ಇಲಿಯಾಸ್ ಹಾರ ಎಲ್ಲಿ ಎಂದು ಕೂಗುತ್ತಿದ್ದ. ಊರಿನ ಸಣ್ಣ ಸಪ್ಪಳವನ್ನೂ ಬಿಡದವಳಿಗೆ ಅದೊಂದೂ ಕೇಳಿಸಲಿಲ್ಲ.